ಜೇಬಿನೊಳಗಿನ ಕೈ

ಬೆಳಗ್ಗೆ ಎಂಟು ಹನ್ನೊಂದಕ್ಕೆ ಅಣ್ಣ ಡೊಂಬಿವಲಿ ಸ್ಟೇಷನ್ನಿನಲ್ಲಿ ಅಂಗವಿಕಲರ ಡಬ್ಬಿ ಬಂದು ನಿಲ್ಲುವ ಜಾಗವನ್ನು ದಾಟಿ ಮುಂದೆ ನಡೆದ. ಎಲ್ಲ ಕೆಡಲು ಶುರುವಾದದ್ದು ಅಲ್ಲಿಂದ. ಹೊತ್ತು ಇಷ್ಟು ಖಚಿತವಾಗಿ ನೆನಪಿರುವುದರಲ್ಲಿ ನನ್ನ ಹೆಚ್ಚುಗಾರಿಕೆ ಏನೂ ಇಲ್ಲ. ನಮ್ಮಲ್ಲಿ ಲೋಕಲ್ ರೈಲುಗಳಿಗೆ ನಿಮಿಷಗಳೇ ಹೆಸರು. ಎಂಟು ಹನ್ನೊಂದು ಎಂದರೆ ಥಾಣೆ ಕಡೆಗೆ ಹೋಗುವ ಒಂದು ಸ್ಲೋ ಗಾಡಿ. ಅದು ಎಷ್ಟು ತಡವಾಗಿ ಬಂದರೂ ಅದರ ಹೆಸರು ಎಂಟು ಹನ್ನೊಂದೇ. ಆವತ್ತು ಸರಿಯಾದ ಹೊತ್ತಿಗೇ ಬಂತು.

ಅಣ್ಣನ ಬಲಗೈ ಪ್ಯಾಂಟಿನ ಜೇಬಿನಲ್ಲಿತ್ತು. ಅವನ ಫೈಲು ನನ್ನ ಬ್ಯಾಗಿನಲ್ಲಿತ್ತು. ಹಿಂದಿನಿಂದ ನೋಡಿದರೆ, ಜೇಬಿಗೆ ಕೈ ಹಾಕಿಕೊಂಡು ಸ್ವಲ್ಪ ಸೋಮಾರಿಯಾಗಿ ಆಫೀಸಿಗೆ ಹೊರಟವನ ಹಾಗೆ ಕಾಣುತ್ತಿದ್ದ. ಹಾಗೆ ಕಾಣಬೇಕು ಎಂದೇ ಅವನು ಒಂದು ವಾರ ಮನೆಯ ಪ್ಯಾಸೇಜಿನಲ್ಲಿ ಅಭ್ಯಾಸ ಮಾಡಿದ್ದ.

ಎರಡನೇ ವಯಸ್ಸಿನಲ್ಲಿ ಪೋಲಿಯೋ ಬಂದು ಅವನ ಬಲಗಾಲು ಸಣ್ಣದಾಗಿ ಉಳಿದಿದೆ. ಮೊಣಕಾಲು ಭಾರ ಹೊರುವುದಿಲ್ಲ. ಕೋಲು ಇದ್ದರೆ ಅಣ್ಣ ನನಗಿಂತ ಬೇಗ ನಡೆಯುತ್ತಾನೆ. ಕೋಲು ಇಲ್ಲದಿದ್ದರೆ ಪ್ರತಿ ಹೆಜ್ಜೆಗೂ ಅಂಗೈಯಿಂದ ತೊಡೆಯನ್ನು ಮೊಣಕಾಲಿನ ಮೇಲೆ ಒತ್ತಿ ಹಿಡಿಯಬೇಕು. ಕೈ ತೆಗೆದರೆ ಕಾಲು ಮಡಚುತ್ತದೆ. ಹಾಗೆ ಒತ್ತಿ ನಡೆಯುವುದು ಯಾರಿಗಾದರೂ ಕಾಣುತ್ತದೆ. ಅದಕ್ಕಾಗಿ ಅವನು ಟೇಲರಿಗೆ ಹೇಳಿ ಪ್ಯಾಂಟಿನ ಬಲಜೇಬನ್ನು ಆಳ ಮಾಡಿಸಿಕೊಂಡಿದ್ದ. ಕೈ ಜೇಬಿನೊಳಗಿಂದಲೇ ತೊಡೆಯನ್ನು ಒತ್ತುತ್ತಿತ್ತು.

ಇಷ್ಟಕ್ಕೆ ಬರಲು ಎಂಟೊಂಬತ್ತು ತಿಂಗಳು ಹಿಡಿದಿತ್ತು. ಅಣ್ಣ ಕಲ್ಯಾಣದಲ್ಲಿ ಎಲೆಕ್ಟ್ರಿಕಲ್ ಡಿಪ್ಲೊಮಾ ಮಾಡಿದವನು, ಫಸ್ಟ್ ಕ್ಲಾಸು. ಅಪ್ಪನ ಪರಿಚಯದವರೊಬ್ಬರ ಪ್ಯಾನೆಲ್ ಬೋರ್ಡ್ ವರ್ಕ್‌ಶಾಪಿನಲ್ಲಿ ಓದು ಮುಗಿದಂದಿನಿಂದ ಕೆಲಸ ಮಾಡುತ್ತಿದ್ದ. ಅಪ್ಪ ತೀರಿಕೊಂಡ ಮೇಲೂ ಆ ಕೆಲಸ ನಡೆಯಿತು. ಆಮೇಲೆ ವರ್ಕ್‌ಶಾಪು ಗುಜರಾತಿಗೆ ಹೋಯಿತು. ಮೂವತ್ತು ದಾಟಿದ ಅಣ್ಣ ಮೊದಲ ಬಾರಿಗೆ ಗುರುತಿಲ್ಲದವರ ಬಳಿ ಕೆಲಸ ಕೇಳಲು ಹೊರಟ.

ನಾನು ಬಿ.ಕಾಂ., ಸೆಕೆಂಡ್ ಕ್ಲಾಸು. ಥಾಣೆಯ ಆಫೀಸೊಂದರಲ್ಲಿ ನನಗೆ ಕೆಲಸ ಕೊಡುವಾಗ ಕೇಳಿದ್ದು ಮನೆ ಸ್ಟೇಷನ್ನಿಗೆ ಹತ್ತಿರವೇ ಎಂಬ ಒಂದೇ ಪ್ರಶ್ನೆ. ಅಣ್ಣನಿಗೆ ಬೇರೆ ಪ್ರಶ್ನೆಗಳಿದ್ದವು. ಅಂಬರನಾಥದ ಕಾರ್ಖಾನೆಯೊಂದರ ಗೇಟಿನಲ್ಲಿ ವಾಚ್‌ಮನ್ ಅವನ ಕೋಲು ನೋಡಿ, ಸಾಹೇಬರು ಚಂದಾ ಕೊಡುವುದು ದೀಪಾವಳಿಗೆ ಮಾತ್ರ ಎಂದು ಹೇಳಿ ಕಳಿಸಲು ನೋಡಿದ. ಒಳಗೆ ಹೋದ ಮೇಲೆ ಸಾಹೇಬರೂ ಹೆಚ್ಚುಕಡಿಮೆ ಅದನ್ನೇ ಇಂಗ್ಲಿಷಿನಲ್ಲಿ ಹೇಳಿದರು. ತುರ್ಭೆಯಲ್ಲಿ ಜಾಗ ತುಂಬಿದೆ ಎಂದರು. ಮುಂದಿನ ವಾರ ಅದೇ ಜಾಹೀರಾತು ಮತ್ತೆ ಬಂತು. ಮಳೆಗಾಲದಲ್ಲಿ ಹೇಗೆ ಬರುತ್ತೀರಿ ಎಂದು ಎಲ್ಲ ಕಡೆ ಕೇಳಿದರು. ಮಳೆಗಾಲದಲ್ಲಿ ಎರಡು ಕಾಲಿರುವ ನಾನೂ ಥಾಣೆಗೆ ತಲುಪದ ದಿನಗಳಿವೆ. ನನ್ನನ್ನು ಯಾರೂ ಕೇಳಿಲ್ಲ. ಥಾಣೆಯಲ್ಲೇ ಕೂತು ಮಾಡುವ ಡ್ರಾಯಿಂಗ್ ಕೆಲಸವೊಂದಿತ್ತು. ಆಫೀಸು ಮೂರನೇ ಮಹಡಿ. ಲಿಫ್ಟು ಕೆಟ್ಟಿದೆ, ರಿಪೇರಿಯಾದ ಮೇಲೆ ಫೋನ್ ಮಾಡುತ್ತೇವೆ ಎಂದರು. ಬೇಕಾದರೆ ಲಿಫ್ಟನ್ನು ನಾನೇ ನೋಡಿ ಕೊಡುತ್ತೇನೆ ಎಂದು ಅಣ್ಣ ಹೇಳಿ ಬಂದ. ಫೋನ್ ಬರಲಿಲ್ಲ. ಲಿಫ್ಟು ಏನಾಯಿತೋ ಗೊತ್ತಿಲ್ಲ.

ಆನ್‌ಲೈನ್ ಅರ್ಜಿಗಳಲ್ಲಿ ಅಂಗವಿಕಲ ಎಂಬ ಚೌಕಕ್ಕೆ ಗುರುತು ಹಾಕಿದರೆ ಕರೆಯೇ ಬರುತ್ತಿರಲಿಲ್ಲ. ಹಾಕದಿದ್ದರೆ ಕರೆ ಬರುತ್ತಿತ್ತು, ಬಾಗಿಲಲ್ಲಿ ಮುಗಿಯುತ್ತಿತ್ತು.

ಕೋಲು ಬಿಟ್ಟು ಹೋಗುವ ಯೋಚನೆ ಮಾವನದು. ಮಾವ ಎಂದರೆ ಅಮ್ಮನ ಅಣ್ಣ. ಡೊಂಬಿವಲಿ ಪೂರ್ವದಲ್ಲಿ ಸಸ್ಯಾಹಾರಿ ಹೋಟೆಲು ನಡೆಸುತ್ತಾನೆ. ಭಾನುವಾರ ಮಧ್ಯಾಹ್ನ ಹೋಟೆಲಿನ ಜನ ಕಡಿಮೆಯಾದ ಮೇಲೆ ನಮ್ಮಲ್ಲಿಗೆ ಬಂದು ಚಹಾ ಕುಡಿದು ಉಪದೇಶ ಮಾಡಿ ಹೋಗುವುದು ಅವನ ರೂಢಿ. ಮನೆಯಲ್ಲಿ ನಾವು ಆಡುವುದು ತುಳು. ಆವತ್ತು ಪಕ್ಕದ ಮನೆಯ ಬೆಂಗಳೂರಿನ ಹೆಂಗಸು ಕೂತಿದ್ದರಿಂದ ಮಾವ ಎಲ್ಲವನ್ನೂ ಕನ್ನಡದಲ್ಲೇ ಹೇಳಿದ.

"ಕೋಲು ಮೊದಲು ಒಳಗೆ ಹೋಗ್ತದೆ ಮಾರಾಯ, ನೀನು ಆಮೇಲೆ. ಅವರು ಕೋಲಿಗೇ ಇಂಟರ್‌ವ್ಯೂ ಮಾಡಿ ಕಳಿಸ್ತಾರೆ. ಒಂದು ದಿನ ಅದಕ್ಕೆ ರಜೆ ಕೊಡು. ಬೇಗ ಹೋಗಿ ಕೂತುಬಿಡು. ಕೂತವನ ಕಾಲು ಯಾರು ನೋಡ್ತಾರೆ?"

ಎಲ್ಲರೂ ನಕ್ಕೆವು. ಅಣ್ಣನೂ ನಕ್ಕ. ಆದರೆ ಐರೋಲಿಯ ಕಂಪನಿಯಿಂದ ಕರೆ ಬಂದಾಗ ಅವನು ಟೇಲರ್ ಅಂಗಡಿಗೆ ಹೋಗಿ ಬಂದಿದ್ದ. ಕೋಲಿನ ಜೊತೆಗೆ ಅಂಗವಿಕಲರ ಸರ್ಟಿಫಿಕೇಟು, ರೈಲ್ವೆ ಕಾರ್ಡು ಎರಡನ್ನೂ ಮನೆಯಲ್ಲಿ ಬಿಟ್ಟ. ಫೈಲಿನಿಂದ ಏನಾದರೂ ಜಾರಿ ಅವರ ಮೇಜಿನ ಮೇಲೆ ಬೀಳಬಾರದು ಎಂಬುದು ಅವನ ಲೆಕ್ಕ. ಕಾರ್ಡಿಲ್ಲದೆ ಅಂಗವಿಕಲರ ಡಬ್ಬಿ ಹತ್ತುವ ಹಾಗಿಲ್ಲ. ಅಲ್ಲಿ ಟಿ.ಸಿ.ಗಿಂತ ಮೊದಲು ದಿನಾ ಬರುವ ಪ್ರಯಾಣಿಕರೇ ವಿಚಾರಿಸುತ್ತಾರೆ. ಗಟ್ಟಿಮುಟ್ಟಾಗಿ ಕಂಡವನನ್ನು ಮುಂದಿನ ಸ್ಟೇಷನ್ನಿನಲ್ಲಿ ಇಳಿಸಿಯೇ ಬಿಡುತ್ತಾರೆ. ಅಣ್ಣನೇ ಎಷ್ಟೋ ಜನರನ್ನು ಹಾಗೆ ಇಳಿಸಿದವನು. ಗಟ್ಟಿಮುಟ್ಟಾಗಿ ಕಾಣಬೇಕೆಂದು ಹೊರಟವನಿಗೆ ಉಳಿದದ್ದು ಸಾಮಾನ್ಯ ಡಬ್ಬಿ. ನಾನು ಒಂದು ದಿನ ರಜೆ ಹಾಕಿ ಜೊತೆಗೆ ಹೊರಟೆ.

ಹತ್ತುವುದು ಕಷ್ಟವಾಗಲಿಲ್ಲ. ಡೊಂಬಿವಲಿಯಲ್ಲಿ ಯಾರೂ ತಾವಾಗಿ ಹತ್ತುವುದಿಲ್ಲ, ಹಿಂದಿನವರು ಹತ್ತಿಸುತ್ತಾರೆ. ಅಣ್ಣ ಬಾಗಿಲ ನಡುವಿನ ಕಂಬವನ್ನು ಎಡಗೈಯಲ್ಲಿ ಹಿಡಿದು ನಿಂತ. ಬಲಗೈ ಜೇಬಿನಲ್ಲೇ ಇತ್ತು. ನಾನು ಅವನ ಬೆನ್ನಿಗೆ ಅಂಟಿಕೊಂಡಿದ್ದೆ.

ತೊಂದರೆಯಾದದ್ದು ದಿವಾದಲ್ಲಿ. ಬಾಗಿಲಲ್ಲಿ ನಿಂತವರು ಸ್ಟೇಷನ್ ಬಂದಾಗ ಕೆಳಗಿಳಿದು, ಇಳಿಯುವವರಿಗೆ ದಾರಿ ಬಿಟ್ಟು, ಮತ್ತೆ ಹತ್ತಬೇಕು. ಅದು ಬರೆಯದ ಕಾನೂನು, ಎಲ್ಲರೂ ಪಾಲಿಸುತ್ತಾರೆ. ಅಣ್ಣ ಇಪ್ಪತ್ತು ವರ್ಷ ಬೇರೆ ಡಬ್ಬಿಯಲ್ಲಿ ಓಡಾಡಿದವನು. ಅವನಿಗೆ ಆ ಕಾನೂನು ಗೊತ್ತಿರಲಿಲ್ಲ. ಗೊತ್ತಿದ್ದರೂ ಅಷ್ಟು ಬೇಗ ಇಳಿದು ಹತ್ತಲು ಆಗುತ್ತಿರಲಿಲ್ಲ. ಕಂಬ ಹಿಡಿದು ಅಲ್ಲೇ ನಿಂತ. ಇಳಿಯುವವರು ಅವನನ್ನು ತಳ್ಳಿ ತಿರುಗಿಸಿದರು, ಹತ್ತುವವರು ಮತ್ತೊಂದು ಕಡೆಗೆ ತಿರುಗಿಸಿದರು. ಗಾಡಿ ಹೊರಟಾಗ ಅವನು ಬಾಗಿಲ ಅಂಚಿಗೆ ಬಂದುಬಿಟ್ಟಿದ್ದ. ಅವನ ಮುಂದೆ ಯಾರೂ ಇರಲಿಲ್ಲ. ಹಿಂದೆ ಎಲ್ಲರೂ ಇದ್ದರು. ನಾನು ಏಕೆ ಅವನ ಬೆಲ್ಟು ಹಿಡಿದೆ ಎಂದು ಈಗಲೂ ಗೊತ್ತಿಲ್ಲ. ಹಿಡಿಯಲು ಬೇರೇನೂ ಸಿಗಲಿಲ್ಲ ಎಂದು ಕಾಣುತ್ತದೆ.

ಮುಂಬ್ರಾದ ಹತ್ತಿರ ಹಳಿ ತಿರುಗುತ್ತದೆ. ಒಂದು ಕಡೆ ಗುಡ್ಡ, ಇನ್ನೊಂದು ಕಡೆ ಖಾಡಿಯ ನೀರು. ಗಾಡಿ ಅಲ್ಲಿ ವಾಲುತ್ತದೆ, ಒಳಗಿನ ಜನ ಒಂದೇ ಮೈಯಂತೆ ವಾಲುತ್ತಾರೆ. ದಿನಾ ಹೋಗುವವನಿಗೆ ಅದು ಗಮನಕ್ಕೇ ಬರುವುದಿಲ್ಲ. ಆವತ್ತು ಆ ಭಾರವೆಲ್ಲ ಅಣ್ಣನ ಮೇಲೆ ಬಂತು. ಯಾರದೋ ಬ್ಯಾಗು ಅವನ ಬಲ ಮೊಣಕೈಗೆ ತಾಗಿ, ಜೇಬಿನೊಳಗಿನ ಕೈ ತೊಡೆಯಿಂದ ಜಾರಿತು. ಮೊಣಕಾಲು ಮಡಚಿತು. ಅವನು ಸೊಂಟದವರೆಗೆ ಹೊರಗೆ ಹೋದ.

ಬಲಗೈಯನ್ನು ಹೊರಗೆ ತೆಗೆದಿದ್ದರೆ ಇನ್ನೊಂದು ಕಡೆ ಹಿಡಿದುಕೊಳ್ಳಬಹುದಿತ್ತು. ಅದು ಬರಲಿಲ್ಲ. ಆಳ ಮಾಡಿಸಿದ ಜೇಬು. ಎಡಗೈ ಒಂದೇ ಕಂಬದ ಮೇಲಿತ್ತು, ಅದೂ ಕೆಳಗೆ ಜಾರುತ್ತಿತ್ತು. ನನ್ನ ಬೆರಳುಗಳು ಬೆಲ್ಟಿನೊಳಗೆ ಸಿಕ್ಕಿಕೊಂಡಿದ್ದವು. ಹಳಿಯ ಪಕ್ಕದ ವಿದ್ಯುತ್ ಕಂಬವೊಂದು ಅವನ ತಲೆಯ ಹತ್ತಿರದಿಂದ ಹೋಯಿತು. ಹೋದ ಮೇಲೆ ಅದು ಕಂಬ ಎಂದು ತಿಳಿಯಿತು. ಮೇಲಿನಿಂದ ಒಂದು ಕೈ ಬಂದು ಅವನ ಕಾಲರ್ ಹಿಡಿಯಿತು, ಇನ್ನೊಂದು ಅಂಗಿಯ ತೋಳನ್ನು. ಪಕಡ್, ಪಕಡ್ ಎಂದು ಯಾರೋ ಹೇಳುತ್ತಿದ್ದರು. ಕೂಗುತ್ತಿರಲಿಲ್ಲ, ಸಾಮಾನು ಇಳಿಸುವಾಗ ಹೇಳುವ ಹಾಗೆ ಹೇಳುತ್ತಿದ್ದರು. ಅವನು ಒಳಗೆ ಬಂದ. ಕೈ ಕೊನೆಗೂ ಹೊರಗೆ ಬಂದಾಗ ಜೇಬಿನ ಬಿಳಿ ಅಸ್ತರು ಜೊತೆಗೇ ಹೊರಬಂದು ನೇತಾಡುತ್ತಿತ್ತು.

ಆಮೇಲೆ ಬೈಗುಳ ಶುರುವಾಯಿತು. ಕಾಲರ್ ಹಿಡಿದಿದ್ದ ಹಿರಿಯರೊಬ್ಬರು ಹಿಂದಿಯಲ್ಲಿ ಹೇಳಿದರು: "ಜೇಬ್ ಮೇ ಹಾಥ್ ಡಾಲ್ ಕೇ ದರ್ವಾಜೇ ಪೇ ಖಡಾ ಹೈ. ಹೀರೋ ಹೈ ಕ್ಯಾ?"

ಜೇಬಿಗೆ ಕೈ ಹಾಕಿ ಬಾಗಿಲಲ್ಲಿ ನಿಲ್ಲಲು ನೀನೇನು ಹೀರೋನಾ ಎಂದು. ಅಷ್ಟರಲ್ಲಿ ಇನ್ನೊಬ್ಬನ ಕಣ್ಣು ಕಾಲಿನ ಮೇಲೆ ಬಿತ್ತು. ಅರೆ, ಲಂಗಡಾ ಹೈ ಯಾರ್, ಕುಂಟನಪ್ಪಾ ಎಂದ. ಬೈಗುಳ ನಿಂತಿತು. ಜಾಗವೇ ಇಲ್ಲದ ಡಬ್ಬಿಯಲ್ಲಿ ಒಳಗಿನವರೆಗೆ ಜಾಗವಾಯಿತು. ಯಾರೋ ಎದ್ದು ಅವನನ್ನು ಕೂರಿಸಿದರು. ಥಾಣೆ ಬರುವವರೆಗೆ ಎಲ್ಲರೂ ಅವನ ಕಾಲನ್ನು ಬಿಟ್ಟು ಬೇರೆಲ್ಲ ಕಡೆ ನೋಡುತ್ತಿದ್ದರು.

ಥಾಣೆಯಲ್ಲಿ ಇಳಿದು ಬೆಂಚಿನ ಮೇಲೆ ಕೂತೆವು. ಮನೆಗೆ ಹೋಗೋಣ ಎಂದೆ. ಅವನು ಜೇಬನ್ನು ಒಳಗೆ ತಳ್ಳಿ, ತಲೆ ಬಾಚಿಕೊಂಡು, ಐರೋಲಿ ಗಾಡಿ ಯಾವ ಪ್ಲಾಟ್‌ಫಾರ್ಮಿಗೆ ಬರುತ್ತದೆ ಎಂದು ಕೇಳಿದ. ಬೆಲ್ಟಿನ ಬಕಲ್ಲು ನನ್ನ ಎರಡು ಬೆರಳುಗಳನ್ನು ಕೊಯ್ದಿತ್ತು. ಕರವಸ್ತ್ರ ಸುತ್ತಿಕೊಂಡೆ.

ಮಾವ ಹೇಳಿದ್ದ ಹಾಗೆಯೇ ಆಯಿತು. ಬೇಗ ಹೋಗಿದ್ದರಿಂದ ಇಂಟರ್‌ವ್ಯೂ ಕೋಣೆಯಲ್ಲಿ ಅಣ್ಣ ಮೊದಲೇ ಕೂತಿದ್ದ. ನಾನು ಹೊರಗೆ ರಿಸೆಪ್ಷನ್ನಿನಲ್ಲಿದ್ದೆ. ಗಾಜಿನ ಗೋಡೆಯಾಚೆ ಅವನ ತಲೆ ಕಾಣುತ್ತಿತ್ತು. ಮ್ಯಾನೇಜರ್ ಧಾರವಾಡ ಕಡೆಯವರು. ಅಡ್ಡಹೆಸರು ನೋಡಿ ಕನ್ನಡಕ್ಕಿಳಿದರಂತೆ. ಪ್ರಶ್ನೆಗಳು ಮುಗಿದು, ಸಂಬಳದ ಮಾತೂ ಬಂದು, ಯಾವಾಗ ಸೇರುತ್ತೀರಿ ಎಂದು ಕೇಳಿ ಆಗಿತ್ತಂತೆ. ನನಗೆ ಕಂಡದ್ದು ಅವರಿಬ್ಬರೂ ನಗುತ್ತಾ ಎದ್ದದ್ದು. ಮ್ಯಾನೇಜರ್ ಬಾಗಿಲು ತೆಗೆದು, "ಬರ್ರಿ, ನಿಮ್ಗ ಪ್ಲಾಂಟ್ ತೋರಸ್ತೀನಿ" ಎಂದು ಕಬ್ಬಿಣದ ಮೆಟ್ಟಿಲ ಕಡೆ ಹೊರಟರು. ಮೂರನೇ ಮೆಟ್ಟಿಲಿನಲ್ಲಿ ತಿರುಗಿ ನೋಡಿದರು. ಅಣ್ಣ ಕೆಳಗೆ ಕಂಬಿ ಹಿಡಿದು ನಿಂತಿದ್ದ. ಜೇಬಿನ ಕೈಗೆ ಮೆಟ್ಟಿಲು ಹತ್ತುವುದು ಅಭ್ಯಾಸವಾಗಿರಲಿಲ್ಲ.

ಅವರು ಕೆಟ್ಟ ಮನುಷ್ಯರಲ್ಲ. ಇಳಿದು ಬಂದು ಅವನನ್ನು ನನ್ನ ಪಕ್ಕದ ಕುರ್ಚಿಯಲ್ಲಿ ಕೂರಿಸಿ, ತಾವೂ ಎದುರಿಗೆ ಕೂತು, ಚಹಾ ತರಿಸಿದರು.

"ಮೊದ್ಲ ಯಾಕ ಹೇಳಲಿಲ್ರೀ?"

ಹೇಳಿದರೆ ಕರೆಯುತ್ತಿರಲಿಲ್ಲ ಎಂದ ಅಣ್ಣ. ಅವರು ಅದನ್ನು ಅಲ್ಲಗಳೆಯಲಿಲ್ಲ.

"ನಿಮ್ಮಂಥಾವ್ರು ಬೇಕು ಅಂತ ನನಗೂ ಅದ. ಆದರ ನಾಳೆ ನೀವು ಆ ಮೆಟ್ಟಲ ಮ್ಯಾಲಿಂದ ಬಿದ್ರಿ ಅಂದ್ರ, ತಗೋ ಅಂತ ಸಹಿ ಹಾಕಿದಾಂವ ನಾನು. ಇನ್ನೊಂದು, ಬ್ಯಾಸರ ಮಾಡ್ಕೋಬ್ಯಾಡ್ರಿ. ಬರೂ ಮೊದಲನ ಮುಚ್ಚಿಟ್ಟವರು ಬಂದ ಮ್ಯಾಲೆ ಏನೇನು ಮುಚ್ಚಿಡ್ತಾರೋ ಅಂತ ಮ್ಯಾಲಿನವ್ರು ಕೇಳ್ತಾರ."

ಕೋಲಿನೊಂದಿಗೆ ಹೋದರೆ ಕೆಲಸಕ್ಕೆ ಬಾರದವನು, ಕೋಲಿಲ್ಲದೆ ಹೋದರೆ ಮೋಸಗಾರ. ಅಣ್ಣ ಚಹಾ ಮುಗಿಸಿ, ಥ್ಯಾಂಕ್ಸ್ ಹೇಳಿ ಎದ್ದ. ಹೊರಗೆ ಬಂದ ಮೇಲೆ ಕೈಯನ್ನು ಜೇಬಿನಿಂದ ತೆಗೆದು, ಎಲ್ಲರಿಗೂ ಕಾಣುವ ಹಾಗೆ ತೊಡೆಯ ಮೇಲಿಟ್ಟು, ರಿಕ್ಷಾದವರೆಗೆ ನಡೆದ. ವಾಪಸು ಬರುವಾಗ ಗಾಡಿ ಖಾಲಿಯಿತ್ತು. ಮುಂಬ್ರಾ ಬಂತು, ಹೋಯಿತು. ಆಮೇಲೆ ಅವನೇ ಹೇಳಿದ: "ಇಡೀ ದಿನ ನನ್ನನ್ನು ಹೀರೋ ಅಂದವರು ಅವರೊಬ್ಬರೇ ನೋಡು. ಅಮ್ಮನಿಗೆ ಹೇಳ್ಬೇಡ."

ಅಮ್ಮನಿಗೆ ಹೇಳಲಿಲ್ಲ. ಬೆರಳಿನ ಗಾಯಕ್ಕೆ ಐರೋಲಿಯ ಕಂಪನಿಯ ಬಾಗಿಲನ್ನು ಕಾರಣ ಮಾಡಿದೆ.

ಅಂದಿನಿಂದ ನಿದ್ರೆ ಕೆಟ್ಟಿತು. ಬೀಳುವ ಕನಸು ಬಂದರೆ ಹೇಳಿಕೊಳ್ಳಲು ಸುಲಭವಿತ್ತು. ಕನಸು ಏನೂ ಬರಲಿಲ್ಲ. ಎಚ್ಚರವಾಗಿಯೇ, ಕಣ್ಣು ಮುಚ್ಚಿದೊಡನೆ, ಲೆಕ್ಕ ಶುರುವಾಗುತ್ತಿತ್ತು. ಬೆಲ್ಟಿನ ಬದಲು ಅಂಗಿ ಹಿಡಿದಿದ್ದರೆ? ಆ ಬೆಲ್ಟು ಹಳೆಯದಾಗಿದ್ದರೆ? ನಾನು ರಜೆ ಹಾಕದೇ ಇದ್ದಿದ್ದರೆ? ಅವನ ಮುಖ ಒಮ್ಮೆಯೂ ಕಾಣುತ್ತಿರಲಿಲ್ಲ. ಬಿಳಿ ಅಸ್ತರು ಕಾಣುತ್ತಿತ್ತು. ಅಣ್ಣನೂ ನಾನೂ ಮಲಗುವುದು ಒಂದೇ ಕೋಣೆಯಲ್ಲಿ. ಅವನ ಉಸಿರಾಟದಿಂದ ಅವನೂ ಎದ್ದಿದ್ದಾನೆಂದು ಗೊತ್ತಾಗುತ್ತಿತ್ತು, ನನ್ನದು ಅವನಿಗೂ ಗೊತ್ತಾಗುತ್ತಿದ್ದಿರಬೇಕು. ಇಬ್ಬರೂ ಮಲಗಿದವರಂತೆ ಇರುತ್ತಿದ್ದೆವು. ನಾನು ದಿನವೂ ಅದೇ ಗಾಡಿಯಲ್ಲಿ ಥಾಣೆಗೆ ಹೋಗಬೇಕಾಗಿತ್ತು, ಹೋದೆ. ಆ ತಿರುವಿನಲ್ಲಿ ಮುಂದಿದ್ದವನ ಬೆಲ್ಟಿನ ಕಡೆ ಕೈ ತಾನಾಗಿ ಹೋಗುತ್ತಿತ್ತು. ಒಬ್ಬ ತಿರುಗಿ ನೋಡಿ ಜೇಬಿನ ಪಾಕೀಟನ್ನು ಮುಟ್ಟಿ ನೋಡಿಕೊಂಡ.

ಅವನು ಇಷ್ಟಕ್ಕೆ ಬಿಡುವವನಲ್ಲ ಎಂಬುದೇ ನನ್ನ ಭಯ. ಅರ್ಜಿಗಳು ಹೋಗುತ್ತಲೇ ಇದ್ದವು. ಯಾವುದೋ ಒಂದು ಕಂಪನಿ ಮತ್ತೆ ಕರೆದರೆ, ಅವನು ಮತ್ತೆ ಕೈಯನ್ನು ಜೇಬಿಗಿಳಿಸಿ ಹೊರಡುತ್ತಾನೆ. ಆವತ್ತು ನಾನು ಜೊತೆಗಿಲ್ಲದೆಯೂ ಇರಬಹುದು.

ಮಾವ ಇನ್ನೊಂದು ಭಾನುವಾರ ಬಂದು, ಹೋಟೆಲಿನ ಗಲ್ಲಾದಲ್ಲಿ ಕೂತುಕೋ ಎಂದ. ಗಲ್ಲಾ ಎಂದರೆ ದುಡ್ಡು ತೆಗೆದುಕೊಳ್ಳುವ ಕೌಂಟರು. ನಮ್ಮವರ ಹೋಟೆಲುಗಳಲ್ಲಿ ಅಲ್ಲಿ ಮನೆಯವರೇ ಕೂರುತ್ತಾರೆ, ಹೊರಗಿನವರನ್ನು ಕೂರಿಸುವುದಿಲ್ಲ. ಅದು ನಂಬಿಕೆಯ ಜಾಗ. ಹಾಗೆಯೇ ಬೇರೆಲ್ಲೂ ಸಲ್ಲದ ಸಂಬಂಧಿಕರ ಜಾಗವೂ ಹೌದು. ಅಮ್ಮನಿಗೆ ಬಹಳ ಸಮಾಧಾನವಾಯಿತು. ನನಗೂ ಆಯಿತು, ಹೋಟೆಲಿಗೆ ರೈಲು ಬೇಡ. ಅಣ್ಣ ಒಪ್ಪಲಿಲ್ಲ. ಡಿಪ್ಲೊಮಾ ಮಾಡಿದ್ದು ಚಿಲ್ಲರೆ ಕೊಡಲಿಕ್ಕಲ್ಲ ಎಂದ. ಮಾವನಿಗೆ ಸಿಟ್ಟು ಬಂತು. ಚಿಲ್ಲರೆ ಕೊಟ್ಟೇ ನಿನ್ನ ಅಮ್ಮನ ಮದುವೆ ಮಾಡಿದ್ದು ಎಂದು ಹೇಳಿ ಚಹಾ ಅರ್ಧಕ್ಕೆ ಬಿಟ್ಟು ಹೋದ.

ಆದರೆ ಅದೇ ಮಾವ ಹದಿನೈದು ದಿನದೊಳಗೆ ಫೋನ್ ಮಾಡಿದ. ಹೋಟೆಲಿನ ದೊಡ್ಡ ಗ್ರೈಂಡರಿನ ಮೋಟರು ಮಧ್ಯಾಹ್ನದ ಊಟದ ಹೊತ್ತಿಗೆ ಸುಟ್ಟುಹೋಗಿತ್ತು. ಮರುದಿನದ ಇಡ್ಲಿ, ದೋಸೆಗೆಂದು ಅಕ್ಕಿ, ಉದ್ದು ನೆನೆಹಾಕಿ ಆಗಿತ್ತು. ನೆನೆದ ಅಕ್ಕಿ ಕಾಯುವುದಿಲ್ಲ. ಸಂಜೆಯೊಳಗೆ ಅರೆದು ಹುಳಿಗೆ ಇಡದಿದ್ದರೆ ಬೆಳಗ್ಗೆ ಹೋಟೆಲಿನಲ್ಲಿ ಇಡ್ಲಿ ಇಲ್ಲ, ಇಡ್ಲಿ ಇಲ್ಲದ ಬೆಳಗು ನಮ್ಮ ಹೋಟೆಲಿನವರಿಗೆ ಸೂತಕವಿದ್ದ ಹಾಗೆ. ಮೋಟರು ಸುಟ್ಟರೆ ವಿಠ್ಠಲವಾಡಿಯ ಒಂದು ವರ್ಕ್‌ಶಾಪಿಗೆ ಕಳಿಸುವುದು ವಾಡಿಕೆ. ಅಲ್ಲಿಂದ ಬರಲು ಎರಡು ದಿನ. ಮಾವ ಅಣ್ಣನಿಗೆ ನೇರವಾಗಿ ಹೇಳಲಿಲ್ಲ, ನನಗೆ ಹೇಳಿದ: "ನಿನ್ನ ಎಂಜಿನಿಯರ್ ಸಾಹೇಬರಿಗೆ ಪುರುಸೊತ್ತು ಉಂಟಾ ಕೇಳು."

ಪುರುಸೊತ್ತು ಇತ್ತು. ಅಣ್ಣ ಕೋಲು ಹಿಡಿದು ರಿಕ್ಷಾದಲ್ಲಿ ಹೋದ. ಆಫೀಸಿಗೆ ರಜೆ ಇದ್ದುದರಿಂದ ನಾನೂ ಹೋದೆ. ಊಟದ ಜನ ಮುಗಿದು ಸಂಜೆಯ ತಿಂಡಿಯ ಜನ ಬರುವವರೆಗೆ ಹೋಟೆಲು ಸುಮ್ಮನಿರುತ್ತದೆ. ಕೆಲಸದವರು ಬೆಂಚಿನ ಮೇಲೆ ಮಲಗಿರುತ್ತಾರೆ. ಅಡುಗೆಮನೆಯ ಹಿಂದಿನ ಓಣಿಯಲ್ಲಿ ತರಕಾರಿಯ ಪ್ಲಾಸ್ಟಿಕ್ ಕ್ರೇಟು ಮಗುಚಿ ಅಣ್ಣ ಕೂತ. ಸುಟ್ಟ ತಂತಿಯನ್ನು ಎಳೆದು ತೆಗೆದ, ಸುತ್ತುಗಳನ್ನು ಎಣಿಸಿದ, ಹೊಸ ತಾಮ್ರದ ತಂತಿ ತರಿಸಿ ಸುರುಳಿ ಸುತ್ತಿದ. ಎರಡೂ ಕೈ ಕೆಲಸ ಮಾಡುತ್ತಿದ್ದವು. ಕಾಲು ಚಾಚಿಕೊಂಡು ಪಕ್ಕಕ್ಕೆ ಇತ್ತು, ಯಾರಿಗೂ ಅಡ್ಡವಾಗಲಿಲ್ಲ. ವಾರ್ನಿಶ್ ಒಣಗಲು ಮೋಟರಿನ ಹೊಟ್ಟೆಯೊಳಗೆ ದೊಡ್ಡ ಬಲ್ಬೊಂದನ್ನು ಉರಿಸಿ ಇಳಿಬಿಟ್ಟ. ಕತ್ತಲಾಗುವ ಹೊತ್ತಿಗೆ ಗ್ರೈಂಡರು ತಿರುಗಿತು. ಮಾವ ಒಂದು ಮಾತೂ ಹೊಗಳಲಿಲ್ಲ. ಒಳಗೆ ಹೋಗಿ ಅಕ್ಕಿ ಹಾಕಿಸಿದ.

ಹೊಗಳಿದ್ದು ಬೇರೆ ಕಡೆ. ಕಲ್ಯಾಣದ ತರಕಾರಿ ಮಾರ್ಕೆಟ್ಟಿಗೆ ಬೆಳಗ್ಗೆ ಸುತ್ತಲಿನ ಹೋಟೆಲಿನವರೆಲ್ಲ ಬರುತ್ತಾರೆ. ಅಲ್ಲಿ ಕೊತ್ತಂಬರಿಯ ಜೊತೆ ಸುದ್ದಿಯೂ ಹಂಚಿಕೆಯಾಗುತ್ತದೆ. ಡೊಂಬಿವಲಿಯಲ್ಲಿ ಅದೇ ದಿನ ಮೋಟರು ಕಟ್ಟಿ ಕೊಡುವವನಿದ್ದಾನೆ ಎಂಬ ಸುದ್ದಿ ಹೋಯಿತು. ಎರಡು ಮೋಟರು ಬಂದವು, ಆಮೇಲೆ ನಾಲ್ಕು. ಅವನ್ನು ನಮ್ಮ ಮನೆಯ ಹಾಲ್‌ನಲ್ಲಿಟ್ಟು ಕೆಲಸ ಮಾಡಿದ. ವಾರ್ನಿಶ್ ವಾಸನೆಗೆ ಕಟ್ಟಡದ ಸೊಸೈಟಿಯವರು ನೋಟಿಸು ಕೊಟ್ಟರು.

ಅಂಗಡಿ ಬೇಕಾಯಿತು. ಅಂಗವಿಕಲರ ಸಾಲದ ಯೋಜನೆ ಇದೆಯೆಂದು ಬ್ಯಾಂಕಿಗೆ ಹೋದೆವು. ಅಲ್ಲಿನ ಅಧಿಕಾರಿ ಎಲ್ಲ ಓದಿ, ಮೋಟರುಗಳನ್ನು ಎತ್ತುವವರು ಯಾರು ಎಂದು ಕೇಳಿದರು. ಅಣ್ಣ, "ನಿಮ್ಮ ಬ್ಯಾಂಕಿನ ತಿಜೋರಿ ಯಾರು ಎತ್ತುತ್ತಾರೆ ಸರ್?" ಎಂದ. ಅವರಿಗೆ ನಗು ಬರಲಿಲ್ಲ, ಸಾಲವೂ ಬರಲಿಲ್ಲ. ಹಳೆಯ ವರ್ಕ್‌ಶಾಪು ಗುಜರಾತಿಗೆ ಹೋದಾಗ ಸಿಕ್ಕಿದ ಹಣದಲ್ಲಿ ಹೋಟೆಲಿನಿಂದ ಎರಡು ಗಲ್ಲಿ ಆಚೆ ಒಂದು ಕೋಣೆ ಹಿಡಿದ. ಬಾಗಿಲಿಗೆ ಮೆಟ್ಟಿಲಿರಲಿಲ್ಲ, ಮಳೆನೀರು ನುಗ್ಗುತ್ತದೆಂದು ಬೇರೆ ಯಾರೂ ಅದನ್ನು ಹಿಡಿದಿರಲಿಲ್ಲ. ತೊಲೆಗೆ ಸರಪಳಿಯ ರಾಟೆ ಕಟ್ಟಿಸಿದ. ಮೋಟರುಗಳನ್ನು ಅದು ಎತ್ತುತ್ತಿತ್ತು.

ಮೊದಲ ಕೆಲವು ತಿಂಗಳು ನನಗೆ ನಂಬಿಕೆ ಬರಲಿಲ್ಲ. ಕಾರಣವಿತ್ತು. ಬರುತ್ತಿದ್ದ ಕೆಲಸದಲ್ಲಿ ಅರ್ಧ ಕನಿಕರದ್ದು. ಥಾಣೆಯ ಹೋಟೆಲಿನವರೊಬ್ಬರು, ಅಪ್ಪನನ್ನು ಕಂಡವರು, ಒಂದು ಫ್ಯಾನು ಕಳಿಸಿದರು. ಅಣ್ಣ ಬಿಚ್ಚಿ ನೋಡಿ, ಇದರಲ್ಲಿ ಏನೂ ಕೆಟ್ಟಿಲ್ಲ ಎಂದು ವಾಪಸು ಕಳಿಸಿದ. ಇರಲಿ, ಏನಾದರೂ ತಗೊಳ್ಳಲಿ ಪಾಪ ಎಂದು ಅವರು ಮಾವನಿಗೆ ಹೇಳಿದರಂತೆ. ಅದು ಅಣ್ಣನ ಕಿವಿಗೆ ಬಿದ್ದ ದಿನ ಅವನು ಅಂಗಡಿಯಲ್ಲೇ ಕೂತು ಮೊಬೈಲಿನಲ್ಲಿ ಮೂರು ಕಂಪನಿಗಳಿಗೆ ಅರ್ಜಿ ಹಾಕಿದ. ಚೌಕಕ್ಕೆ ಗುರುತು ಹಾಕಲಿಲ್ಲ, ನಾನು ನೋಡಿದೆ. ಆಳದ ಜೇಬಿನ ಪ್ಯಾಂಟು ಇಸ್ತ್ರಿಯಾಗಿ ಕಪಾಟಿನಲ್ಲಿತ್ತು. ಕನಿಕರದ ಫ್ಯಾನು ರಿಪೇರಿ ಮಾಡುವುದಕ್ಕಿಂತ ರೈಲಿನ ಬಾಗಿಲಲ್ಲಿ ನೇತಾಡುವುದೇ ಅವನಿಗೆ ವಾಸಿ ಎಂದು ನನಗೆ ಅರ್ಥವಾಗಿತ್ತು. ಬುದ್ಧಿ ಹೇಳಲು ಹೋಗಲಿಲ್ಲ. ನಾನು ಹೇಳಬಹುದಾದದ್ದೆಲ್ಲ ಆ ತಿರುವಿನಲ್ಲಿ ಬೆಲ್ಟು ಹಿಡಿದವನ ಮಾತು, ಅಂಗಡಿಯಲ್ಲಿ ಕೂತವನ ಕಷ್ಟ ಅದರಲ್ಲಿ ಇರುತ್ತಿರಲಿಲ್ಲ.

ಚೌತಿಯ ಹಿಂದಿನ ದಿನ ಮಧ್ಯಾಹ್ನ ನಾನು ಆಫೀಸಿನಿಂದ ಬೇಗ ಬಂದು ಅಂಗಡಿಗೆ ಹೋದೆ. ಹಬ್ಬಕ್ಕೆ ಎಲ್ಲ ಹೋಟೆಲುಗಳಲ್ಲಿ ಅರೆಯುವ ಕೆಲಸ ಮೂರುಪಟ್ಟು, ಮೋಟರುಗಳು ಸುಡುವುದೂ ಆಗಲೇ. ನೆಲದ ಮೇಲೆ ಕಾಲಿಡಲು ಜಾಗವಿರಲಿಲ್ಲ. ಕಲ್ಯಾಣದ ಹೋಟೆಲಿನವರೊಬ್ಬರು, ಉಡುಪಿ ಕಡೆಯ ದಪ್ಪ ಮನುಷ್ಯ, ಬಾಗಿಲಲ್ಲಿ ನಿಂತು ಬೈಯುತ್ತಿದ್ದರು. ಬೆಳಗ್ಗೆ ಕೊಡುತ್ತೇನೆಂದ ಮೋಟರು ಮಧ್ಯಾಹ್ನವಾದರೂ ಆಗಿರಲಿಲ್ಲ.

"ಎಂಥ ಮಾರಾಯ, ನಿನ್ನ ಬಾಯಲ್ಲಿ ಬರೀ ಈಗ ಆಯ್ತು, ಈಗ ಆಯ್ತು. ಐವತ್ತು ಕಿಲೋ ಅಕ್ಕಿ ನೆನೆದು ಕೂತಿದೆ, ಅದನ್ನ ನಿನ್ನ ತಲೆ ಮೇಲೆ ಅರೀಲಾ? ವಿಠ್ಠಲವಾಡಿಯವನೇ ನಿನಗಿಂತ ವಾಸಿ. ಅವನು ಸುಳ್ಳು ಹೇಳಿದ್ರೂ ಎರಡು ದಿನದ್ದು ಅಂತ ಗೊತ್ತಿರ್ತಿತ್ತು."

ಅಣ್ಣ ತಲೆ ಎತ್ತದೆ, ಬಲ್ಬಿನ ಬಿಸಿಯನ್ನು ಅಂಗೈಯಿಂದ ನೋಡುತ್ತಾ, ಹಾಗಾದ್ರೆ ಅಲ್ಲಿಗೇ ತಗೊಂಡು ಹೋಗಿ, ರಾಟೆ ಇಗೋ, ಎತ್ತಿಕೊಳ್ಳಿ ಎಂದ. ಅವರು ರಾಟೆಯ ಕಡೆ ನೋಡಿದರು, ಹೋಗಲಿಲ್ಲ. ಕೋಲು ಅವರ ಪಕ್ಕದಲ್ಲೇ ಗೋಡೆಗೆ ಒರಗಿತ್ತು. ಅದನ್ನು ಆಚೆ ಸರಿಸಿ, ಆ ಜಾಗದಲ್ಲಿ ತಾವು ಒರಗಿ ನಿಂತು ಬೈಗುಳ ಮುಂದುವರಿಸಿದರು.

ಆಗ ಅಣ್ಣನಿಗೆ ಫೋನು ಬಂತು. ಕೈಗೆ ವಾರ್ನಿಶ್ ಮೆತ್ತಿದ್ದರಿಂದ ನನಗೆ ಎತ್ತಲು ಹೇಳಿ, ಸ್ಪೀಕರ್ ಹಾಕಿಸಿದ. ಮಹಾಪೆಯ ಕಂಪನಿ, ಆ ಮೂರು ಅರ್ಜಿಗಳಲ್ಲಿ ಒಂದು. ಹೆಂಗಸಿನ ದನಿ, ಇಂಗ್ಲಿಷು. ಹಬ್ಬ ಮುಗಿದ ಮೇಲಿನ ಸೋಮವಾರ ಬೆಳಗ್ಗೆ ಇಂಟರ್‌ವ್ಯೂಗೆ ಬರಬೇಕು ಎಂದಳು. ಫೋನು ಹಿಡಿದಿದ್ದ ನನ್ನ ಬೆರಳುಗಳಲ್ಲಿ ಆ ಹಳೆಯ ಗಾಯದ ಜಾಗ ಬಿಸಿಯಾಯಿತು.

ಸೋಮವಾರ ಆಗುವುದಿಲ್ಲ ಎಂದ ಅಣ್ಣ. ಹಾಗಾದರೆ ಬುಧವಾರ ಎಂದಳು ಅವಳು.

"ಇಲ್ಲ ಮೇಡಮ್. ನನಗೆ ಕೆಲಸ ಇದೆ. ಇನ್ನು ಕರೀಬೇಡಿ." ಇದನ್ನು ಇಂಗ್ಲಿಷಿನಲ್ಲೇ ಹೇಳಿದ. ಆಮೇಲೆ ಬಾಗಿಲ ಕಡೆ ತಿರುಗಿ, ಹೋಟೆಲಿನವರಿಗೆ ತುಳುವಿನಲ್ಲಿ, ಇನ್ನರ್ಧ ಗಂಟೆ, ಬೈಯುವುದು ಉಳಿದಿದ್ದರೆ ಮುಗಿಸಿಬಿಡಿ ಎಂದ.

ಅವರು ಯಾರ ಫೋನು ಎಂದೂ ಕೇಳಲಿಲ್ಲ. ಅರ್ಧ ಗಂಟೆಯ ಬದಲು ಒಂದು ಗಂಟೆಯಾಯಿತು, ಅದಕ್ಕೂ ಬೈದರು. ಹೊರಡುವಾಗ ಅವರ ಕೆಲಸದವರ ಜೊತೆ ನಾನೂ ಮೋಟರಿಗೆ ಕೈ ಕೊಟ್ಟು ಟೆಂಪೋಗೆ ಹತ್ತಿಸಿದೆ. ಅಣ್ಣ ಮುಂದಿನ ಮೋಟರನ್ನು ಎಳೆದುಕೊಂಡಿದ್ದ.

ಮನೆಗೆ ಬಂದು ಊಟ ಮಾಡಿದೆವು. ಅಮ್ಮ ಹಬ್ಬಕ್ಕೆ ಅರಸಿನದೆಲೆ ಒರೆಸುತ್ತಾ ಕೂತಿದ್ದಳು. ಅಣ್ಣ ಬೆನ್ನು ನೋಯುತ್ತದೆ ಎಂದು ಬೇಗ ಮಲಗಿದ, ಸ್ವಲ್ಪ ಹೊತ್ತಿಗೆ ಗೊರಕೆ ಹೊಡೆಯತೊಡಗಿದ. ಅವನು ಗೊರಕೆ ಹೊಡೆಯುತ್ತಾನೆಂಬುದು ನನಗೆ ಮರೆತೇಹೋಗಿತ್ತು. ನಾನೂ ದೀಪ ಆರಿಸಿ ಮಲಗಿ, ಎಂದಿನಂತೆ ಆ ತಿರುವು ಬರಲೆಂದು ಕಾದೆ. ದಿವಾ ದಾಟಿದ್ದು ನೆನಪಿದೆ. ಮುಂದಿನದು ನೆನಪಿಲ್ಲ. ಎಚ್ಚರವಾದಾಗ ಬೆಳಗಾಗಿತ್ತು, ಅಡುಗೆಮನೆಯಲ್ಲಿ ಕಡುಬು ಬೇಯುವ ವಾಸನೆ ಬರುತ್ತಿತ್ತು, ಅಣ್ಣ ಇನ್ನೂ ಮಲಗಿದ್ದ.